ಟ್ರ್ಯಾಕ್ ಡೇಯಲ್ಲಿ ಕಾರು ಕೈಕೊಟ್ಟರೆ: ಆರ್‌ಎಸ್‌ಎ ಬರುತ್ತಾ, ನಾವೇ ಹೊತ್ತು ತರಬೇಕಾ?

ಕೆಂಪುಪೋಲೊ
ಬೆಂಗಳೂರಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನ ಟ್ರ್ಯಾಕ್ ಡೇಗೆ (ನಮ್ಮ ಕಾರನ್ನೇ ಟ್ರ್ಯಾಕ್‌ನಲ್ಲಿ ಓಡಿಸೋ ದಿನ) ಸ್ವಂತ ಕಾರು ಓಡಿಸಿಕೊಂಡು ಹೋಗಿ ಅದರಲ್ಲೇ ವಾಪಸ್ ಬರೋ ಪ್ಲಾನ್. ಪೋಲೊ ಜಿಟಿ ಟಿಎಸ್‌ಐ, ಡಿಎಸ್‌ಜಿ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಂಜಿನ್ ಕಂಪನಿಯಿಂದ ಬಂದ ಹಾಗೇ, ಸ್ಪ್ರಿಂಗ್ ಮಾತ್ರ ತಗ್ಗಿಸಿದ್ದು. ಇನ್ಶೂರೆನ್ಸ್ ಜತೆ ರೋಡ್‌ಸೈಡ್ ಅಸಿಸ್ಟೆನ್ಸ್ (ಆರ್‌ಎಸ್‌ಎ, ದಾರಿಯಲ್ಲಿ ಕಾರು ನಿಂತರೆ ಬಂದು ನೆರವಾಗೋ ಸೇವೆ) ಆ್ಯಡ್-ಆನ್ ಇದೆ. ಟ್ರ್ಯಾಕ್‌ನಲ್ಲೇ ನಿಂತುಹೋದರೆ ಅದೇ ನಂಬರಿಗೆ ಫೋನ್ ಮಾಡಬಹುದಾ? ಬರಲ್ಲ ಅಂದ್ರೆ ಮೊದಲೇ ಏನೇನು ಏರ್ಪಾಡು ಬೇಕು?

ಪಾಲಿಸಿ_ಸಣ್ಣಕ್ಷರ
ಫೋನ್ ಮಾಡಬಹುದು, ಬರ್ತಾರೆ ಅಂತ ನಂಬ್ಕೊಂಡು ಹೋಗಬಾರದು.

ನಿಮ್ಮ ಪಾಲಿಸಿಯಲ್ಲಿ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಅಂತ ಒಂದು ಪ್ಯಾರಾ ಇರುತ್ತೆ. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಗಳಲ್ಲಿ ಅದು ಹೆಚ್ಚೂಕಡಿಮೆ ಒಂದೇ ಥರ: ಬಾಡಿಗೆ, ಸರಕು ಸಾಗಣೆ, ಆಯೋಜಿತ ರೇಸ್, ಪೇಸ್ ಮೇಕಿಂಗ್ (ಮುಂದೆ ಓಡಿ ವೇಗ ನಿಗದಿ ಮಾಡೋದು), ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ (ಗಾಡಿ ತಡೆಯುತ್ತಾ ಅನ್ನೋ ಪರೀಕ್ಷೆ), ಇಷ್ಟನ್ನು ಬಿಟ್ಟು ಬೇರೆ ಬಳಕೆಗೆ ಮಾತ್ರ ಕವರ್. ‘ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲವಲ್ಲ’ ಅಂತ ವಾದ ಮಾಡೋರಿದ್ದಾರೆ. ಆದರೆ ಟ್ರಾನ್ಸ್‌ಪಾಂಡರ್ (ಸುತ್ತಿನ ಸಮಯ ಅಳೆಯೋ ಸಾಧನ) ಕಟ್ಟಿ ಲ್ಯಾಪ್ ಟೈಮ್ ಶೀಟ್ ಕೊಟ್ಟ ಮೇಲೆ ಅದು ಸ್ಪೀಡ್ ಟೆಸ್ಟಿಂಗ್ ಅಲ್ಲ ಅಂತ ಸಾಧಿಸೋದು ಕಷ್ಟ. ಆರ್‌ಎಸ್‌ಎ ಆ್ಯಡ್-ಆನ್ ನಿಂತಿರೋದು ಇದೇ ಪಾಲಿಸಿಯ ಮೇಲೆ, ಅದರ ಷರತ್ತಿನಲ್ಲೂ ರೇಸ್, ರ‍್ಯಾಲಿ, ಆಫ್‌ರೋಡ್ ಹೊರಗಿಟ್ಟಿರೋದೇ ಜಾಸ್ತಿ. ಕಂಪನಿಯ ಕಾಲ್ ಸೆಂಟರ್‌ನಲ್ಲಿ ಬಾಯಿಮಾತಿಗೆ ‘ಎಲ್ಲಿದ್ರೂ ಬರ್ತೀವಿ ಸರ್’ ಅಂತಾರೆ. ಅದನ್ನ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಇಲ್ಲಾಂದ್ರೆ ಇಲ್ಲ ಅಂತಲೇ ಲೆಕ್ಕ ಹಿಡೀರಿ.

ಇನ್ನೊಂದು ಗೊಂದಲ. ಮೂಲ ಪಾಲಿಸಿಯಲ್ಲೂ ‘ಹತ್ತಿರದ ರಿಪೇರಿ ಜಾಗಕ್ಕೆ ಸಾಗಿಸುವ ವೆಚ್ಚ’ ಅಂತ ಇರುತ್ತೆ. ಅದು ಅಪಘಾತಕ್ಕೆ ಮಾತ್ರ, ಖಾಸಗಿ ಕಾರಿಗೆ ಅದರ ಸ್ಟ್ಯಾಂಡರ್ಡ್ ಮಿತಿ 1,500 ರೂಪಾಯಿ. ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಪಾಲಿಸಿಯಿಂದಲೇ ಹೊರಗೆ. ಕ್ಲಚ್ ಸುಟ್ಟಿತು, ಹೋಸ್ ಒಡೀತು ಅಂದ್ರೆ ಅಲ್ಲಿಂದ ಒಂದು ರೂಪಾಯಿ ಹುಟ್ಟಲ್ಲ.

ಕ್ಲಚ್‌ವಾಸನೆ
ಇಷ್ಟೆಲ್ಲಾ ಯಾಕೆ ಗುರು? ನಾಲ್ಕು ಜನ ಸೇರಿ ಕಾರನ್ನ ಗೇಟಿಂದ ಆಚೆ ತಳ್ಳಿ, ಹೈವೇ ಪಕ್ಕ ನಿಲ್ಲಿಸಿ ಫೋನ್ ಮಾಡೋದು. ಊರಿಗೆ ಹೋಗ್ತಾ ಕೆಟ್ಟೋಯ್ತು ಅಂದ್ರೆ ಮುಗೀತು.

ಪಾಲಿಸಿ_ಸಣ್ಣಕ್ಷರ
ಮುಗಿಯಲ್ಲ. ಮೊದಲನೇದು ಅದು ಸುಳ್ಳು ಹೇಳಿಕೆ, ಸಿಕ್ಕಿಬಿದ್ದರೆ ಹೋಗೋದು ಟೋಯಿಂಗ್ ಒಂದೇ ಅಲ್ಲ. ಎರಡನೇದು, ಸಿಕ್ಕಿಬೀಳೋದು ಸುಲಭ. ಬಂದ ಹುಡುಗ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಆ್ಯಪ್‌ಗೆ ಹಾಕ್ತಾನೆ, ಜಾಗ-ಸಮಯ ಎರಡೂ ಅಲ್ಲೇ ಬೀಳುತ್ತೆ. ಬಾಗಿಲ ಮೇಲೆ ಟೇಪಲ್ಲಿ ಅಂಟಿಸಿದ ನಂಬರ್, ಹೆಡ್‌ಲೈಟ್ ಮೇಲೆ ಅಡ್ಡಡ್ಡ ಟೇಪು, ಟೈರ್ ಅಂಚಲ್ಲಿ ರಬ್ಬರ್ ಉಂಡೆ. ಇದನ್ನ ನೋಡಿ ‘ದೇವಸ್ಥಾನಕ್ಕೆ ಹೋಗಿದ್ರಾ ಸರ್’ ಅಂತ ಯಾರೂ ಕೇಳಲ್ಲ. ಎಂಜಿನ್ನಿನ ಕಂಪ್ಯೂಟರ್ ಇಸಿಯು ಕೂಡ ಫಾಲ್ಟ್ ಬಿದ್ದ ಕ್ಷಣದ ಆರ್‌ಪಿಎಂ, ವೇಗ, ಕೂಲೆಂಟ್ ತಾಪಮಾನ ಫ್ರೀಜ್ ಫ್ರೇಮ್ ಅನ್ನೋ ದಾಖಲೆಯಲ್ಲಿ ಇಟ್ಟುಕೊಂಡಿರುತ್ತೆ. ಕಾರು ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರ್‌ನೋರು ಮೊದಲು ತೆಗೆಯೋದೇ ಅದನ್ನ.

ಒಂದು ವ್ಯತ್ಯಾಸ ಮಾತ್ರ ಸ್ಪಷ್ಟ ಇಟ್ಕೊಳ್ಳಿ. ಟ್ರ್ಯಾಕ್ ಮುಗಿಸಿ ವಾಪಸ್ ಬರುವಾಗ ವೆಲ್ಲೂರಿನ ಹತ್ತಿರ ಪಂಕ್ಚರ್ ಆದರೆ, ಬ್ಯಾಟರಿ ಕೂತರೆ, ಅದು ರಸ್ತೆ ಬಳಕೆ. ಆಗ ಧೈರ್ಯವಾಗಿ ಆರ್‌ಎಸ್‌ಎಗೆ ಫೋನ್ ಮಾಡಿ. ಬೆಳಿಗ್ಗೆ ಟ್ರ್ಯಾಕ್‌ನಲ್ಲಿದ್ದೆ ಅನ್ನೋದು ಸಂಜೆಯ ಪಂಕ್ಚರ್‌ಗೆ ಅಡ್ಡಿ ಬರಲ್ಲ.

ಪೋಸ್ಟ್7
ಗೇಟಿನ ಹೊರಗಿನ ಮಾತಾಯ್ತು, ಒಳಗಿನದು ಹೇಳ್ತೀನಿ. 3.7 ಕಿ.ಮೀ., 12 ತಿರುವಿನ ಸರ್ಕ್ಯೂಟ್ ಅದು. ಕಾರು ಎಲ್ಲಿ ನಿಂತರೂ ಒಂದಲ್ಲ ಒಂದು ಮಾರ್ಷಲ್ (ಟ್ರ್ಯಾಕ್‌ನ ಸುರಕ್ಷತಾ ಸಿಬ್ಬಂದಿ) ಪೋಸ್ಟ್‌ನ ಕಣ್ಣಿಗೆ ಬೀಳುತ್ತೆ. ಪವರ್ ಹೋದ ಕೂಡಲೇ ಹಜಾರ್ಡ್ ಲೈಟ್ ಹಾಕಿ, ರೇಸಿಂಗ್ ಲೈನ್ (ಎಲ್ಲರೂ ವೇಗವಾಗಿ ಹೋಗೋ ದಾರಿ) ಬಿಟ್ಟು, ಉರುಳಿಕೊಂಡು ಹೋಗೋ ವೇಗ ಇರುವಾಗಲೇ ಯಾವುದಾದರೂ ಪೋಸ್ಟ್ ಹತ್ತಿರದ ಹುಲ್ಲಿಗೋ ಬ್ಯಾರಿಯರ್ ಸಂದಿಗೋ ಇಳಿಸಿ. ತಿರುವಿನ ಹೊರಮೈಯಲ್ಲಿ ಬೇಡ, ಮುಂದೆ ಜಾರಿ ಬರೋ ಕಾರು ಬಂದು ಬೀಳೋದೇ ಅಲ್ಲಿಗೆ. ಎಂಜಿನ್ ಎಣ್ಣೆ ಸುರೀತಿದೆ ಅಂತ ಅನುಮಾನ ಬಂದರಂತೂ ಆ ಕ್ಷಣವೇ ಲೈನ್ ಬಿಡಿ. ಪಿಟ್‌ವರೆಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ರಿಪೇರಿ ಮಾಡೋ ಜಾಗ) ಎಳ್ಕೊಂಡು ಹೋಗೋಣ ಅಂತ ಹೋದರೆ ಅರ್ಧ ಲ್ಯಾಪ್‌ಗೆ ಎಣ್ಣೆ ಬಳಿದಂತೆ. ಸೆಷನ್ ನಿಲ್ಲುತ್ತೆ, ಸಿಮೆಂಟ್ ಪುಡಿ ಹಾಕಿ ಗುಡಿಸ್ತಾರೆ, ಕೆಲವು ಆಯೋಜಕರು ಅದರ ಬಿಲ್ಲನ್ನೂ ನಿಮಗೇ ಕೊಡ್ತಾರೆ.

ಬೆಂಕಿ ಇಲ್ಲದಿದ್ದರೆ ಬೆಲ್ಟ್, ಹೆಲ್ಮೆಟ್ ಎರಡೂ ಬಿಚ್ಚದೆ ಒಳಗೇ ಕೂತಿರಿ. ಮಾರ್ಷಲ್ ಕೈ ಮಾಡಿದ ಮೇಲೆ ಇಳಿದು ಬ್ಯಾರಿಯರ್ ಹಿಂದೆ ಹೋಗಿ. ಕಾರಿನ ಪಕ್ಕ ನಿಂತು ಫೋನ್ ತೆಗೆಯೋದು, ಬಾನೆಟ್ ಎತ್ತಿ ಇಣುಕೋದು, ಎರಡೂ ಬೇಡ. ಎಚ್ಚರಿಕೆಯ ಹಳದಿ ಬಾವುಟ ಬಿದ್ದಿದೆ ಅಂದ ಮಾತ್ರಕ್ಕೆ ಎಲ್ಲರೂ ನೋಡಿರ್ತಾರೆ ಅಂತಲ್ಲ.

ಹೊಗೆ ಬರ್ತಿದ್ದರೆ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭುಗ್ ಅನ್ನುತ್ತೆ. ಒಳಗಿನ ಲಿವರ್ ಎಳೆದು ಲಾಚ್ ಮಾತ್ರ ಬಿಡಿಸಿ. ಆ ಸಂದಿಯಿಂದ ಮಾರ್ಷಲ್ ಎಕ್ಸ್‌ಟಿಂಗ್ವಿಷರ್ ಹೊಡೀತಾರೆ.

ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತ ತೋರಿಸಿದರೆ ನಿಮ್ಮ ಕಾರಲ್ಲೇ ಏನೋ ಕೆಟ್ಟಿದೆ ಅಂತ ಅರ್ಥ, ನಿಮಗೆ ಒಳಗೆ ಗೊತ್ತಾಗದೇ ಇರಬಹುದು. ನಿಧಾನಕ್ಕೆ ಪಿಟ್‌ಗೆ ಬನ್ನಿ.

ಆಯೋಜಕರ ರಿಕವರಿ ಗಾಡಿ ನಿಮ್ಮನ್ನ ಪ್ಯಾಡಕ್‌ಗೆ (ಪಿಟ್ ಹಿಂದಿನ ನಿಲುಗಡೆ ಬಯಲಿಗೆ) ತಂದು ಬಿಡುತ್ತೆ, ಅಷ್ಟೇ. ಪ್ಯಾಡಕ್‌ನಿಂದಾಚೆ ನಿಮ್ಮ ಹಣೆಬರಹ. ಬುಕಿಂಗ್ ಮಾಡುವಾಗಲೇ ಮೂರು ಕೇಳಿಡಿ: ರಿಕವರಿ ಶುಲ್ಕದಲ್ಲೇ ಸೇರಿದೆಯಾ, ಕೆಟ್ಟ ಕಾರನ್ನ ಒಂದು ರಾತ್ರಿ ಪ್ಯಾಡಕ್‌ನಲ್ಲಿ ಬಿಡಬಹುದಾ, ಹೊರಗಿನ ಫ್ಲ್ಯಾಟ್‌ಬೆಡ್‌ಗೆ (ಕಾರನ್ನ ಪೂರ್ತಿ ಮೇಲೇರಿಸಿ ಹೊರೋ ಲಾರಿಗೆ) ಎಷ್ಟು ಗಂಟೆವರೆಗೆ ಗೇಟ್ ತೆಗೀತಾರೆ.

ಕೆಂಪುಪೋಲೊ
ಥ್ಯಾಂಕ್ಸ್ ಸರ್. ಟೋ ಹುಕ್ (ಎಳೆಯೋ ಕೊಕ್ಕೆ) ಮೊದಲೇ ಹಾಕಿಕೊಂಡೇ ಇಳೀಬೇಕಾ?

ಪೋಸ್ಟ್7
ಹಾಕಿಕೊಂಡೇ ಇಳೀರಿ. ಪೋಲೊದಲ್ಲಿ ಹುಕ್ ಇರೋದು ಡಿಕ್ಕಿಯ ಮ್ಯಾಟ್ ಕೆಳಗೆ, ಟೂಲ್‌ಕಿಟ್‌ನಲ್ಲಿ. ಮುಂದಿನ ಬಂಪರ್‌ನ ಸಣ್ಣ ಮುಚ್ಚಳದ ಒಂದು ಅಂಚು ಒತ್ತಿದರೆ ಇನ್ನೊಂದು ಅಂಚು ಏಳುತ್ತೆ. ಹುಕ್ಕಿನ ಮರೆ (ತಿರುಪಿನ ಗೆರೆ) ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗೋದು. ಇದು ಗೊತ್ತಿಲ್ಲದೆ ಬಲಕ್ಕೆ ತಿರುಗಿಸಿ ‘ಇದು ನಮ್ಮ ಕಾರಿಂದಲ್ಲ’ ಅಂತ ಪಕ್ಕಕ್ಕಿಡೋರೇ ಜಾಸ್ತಿ. ಕೈಯಲ್ಲಿ ನಾಲ್ಕು ಸುತ್ತು ಹಾಕಿ ಬಿಟ್ಟರೆ ಸಾಲದು, ವೀಲ್ ಸ್ಪ್ಯಾನರನ್ನ ಬಳೆಯೊಳಗೆ ತೂರಿಸಿ ಪೂರ್ತಿ ಕೂರಿಸಿ. ಅರ್ಧ ಕೂತ ಹುಕ್ ಎಳೆಯುವಾಗ ಬಾಗುತ್ತೆ, ಇಲ್ಲಾ ಮರೆ ಸಮೇತ ಕಿತ್ತು ಬರುತ್ತೆ.

ಹುಬ್ಬಳ್ಳಿ ಸ್ಪ್ಯಾನರ್
ಎಲ್ಲಾರೂ ಗಾಡಿ ಎತ್ಕೊಂಡು ಬರೋದನ್ನ ಮಾತಾಡಾಕತ್ತೀರಿ. ಟ್ರ್ಯಾಕ್‌ನ್ಯಾಗ ನಿಂತ ಗಾಡಿ ಭಾಳಷ್ಟು ಅಲ್ಲೇ ರಿಪೇರಿ ಆಗ್ತಾವ್ರಿ, ಸಾಮಾನು ಜೋಡಿ ಇದ್ರ.

ಮೊದಲ ಬ್ರೇಕ್. ಪೆಡಲ್ ಮೆತ್ತಗಾಗಿ ಕೆಳಗ ಹೋತು ಅಂದ್ರ ಫ್ಲೂಯಿಡ್ ಕುದ್ದೈತಿ. ಹೊಸಾ ಡಾಟ್ 4 ದರ್ಜೆ ಬ್ರೇಕ್ ಫ್ಲೂಯಿಡ್ ಕಡಿಮಿ ಅಂದ್ರ 230 ಡಿಗ್ರಿ ತಡೀತೈತಿ, ನೀರು ಹೀರಿದ ಹಳೇದು 155ಕ್ಕ ಕುದೀತೈತಿ. ಎರಡು ವರ್ಷದ ಹಳೇ ಫ್ಲೂಯಿಡ್ ಹಾಕ್ಕೊಂಡು ಹೋದ್ರ ಮೂರನೇ ಲ್ಯಾಪಿಗೇ ಗೊತ್ತಾಗ್ತದ. ತಣ್ಣಗಾದ ಮ್ಯಾಲ ಪೆಡಲ್ ವಾಪಸ್ ಗಟ್ಟಿ ಆದಂಗ ಕಾಣ್ತೈತಿ, ನಂಬಬ್ಯಾಡ್ರಿ. ಅದ ಫ್ಲೂಯಿಡಿನ ಮ್ಯಾಲ 300 ಕಿ.ಮೀ. ಮನೀಗೆ ಹೋಗೋದು ಬ್ಯಾಡ. ಅಲ್ಲೇ ಬ್ಲೀಡ್ ಮಾಡ್ರಿ (ಹಳೇ ಫ್ಲೂಯಿಡ್, ಗುಳ್ಳಿ ಹೊರಗ ಹಾಕಿ ಹೊಸಾದು ತುಂಬೋದು): ಮಾಸ್ಟರ್ ಸಿಲಿಂಡರ್‌ನಿಂದ ದೂರದ ಗಾಲಿ ಮೊದಲು. ಸ್ಟೇರಿಂಗ್ ಬಲಕ್ಕಿರೋ ನಮ್ಮ ಗಾಡಿಗೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮ್ಯಾನ್ಯುಯಲ್‌ನ್ಯಾಗ ಬ್ಯಾರೆ ಇದ್ರ ಅದರಂಗ ಮಾಡ್ರಿ. ಅರ್ಧ ಲೀಟರಿನ ಡಬ್ಬಿ ಎರಡು ಇಟ್ಕೊಳ್ರಿ, ಸೀಲ್ ಒಡೆದದ್ದನ್ನ ತರಬ್ಯಾಡ್ರಿ. ಮುಂದಿನ ಪ್ಯಾಡ್ ಒಂದು ಸೆಟ್ ಬೇಕ ಬೇಕು.

ಪಿಟ್‌ಗೆ ಬಂದ ಕೂಡ್ಲೆ ಹ್ಯಾಂಡ್‌ಬ್ರೇಕ್ ಎಳೀಬ್ಯಾಡ್ರಿ. ಹಿಂದಿನ ಕಾದ ಡ್ರಮ್ಮಿಗೆ ಶೂ, ಡಿಸ್ಕ್ ಇದ್ರ ಪ್ಯಾಡ್, ಅಂಟಿ ಕೂರ್ತದ. ಗಾಲಿಗೆ ಕಟ್ಟಿಗಿ ಇಡ್ರಿ.

ಎರಡನೇದು ಹೀಟ್. ಮುಳ್ಳು ಏರಿದ್ರ ಎಸಿ ಬಂದ್ ಮಾಡಿ ಹೀಟರ್ ಪೂರ್ತಿ ಹಚ್ಚಿ ನಿಧಾನಕ್ಕ ಪಿಟ್‌ಗೆ ತರ‍್ರಿ. ಕೆಂಪು ದೀಪ ಬಂದ್ರ ಅಲ್ಲೇ ಬಂದ್. ಕೂಲೆಂಟ್ ಡಬ್ಬಿ ಮುಚ್ಚಳ ಮುಟ್ಟಬ್ಯಾಡ್ರಿ, ಮುಕ್ಕಾಲು ತಾಸು ಬಿಡ್ರಿ. ಆಮ್ಯಾಲೆ ನೋಡ್ರಿ, ಫ್ಯಾನ್ ತಿರಗ್ತೈತೋ ಇಲ್ಲೋ. ಫ್ಯೂಸ್ ಹೋಗಿದ್ರ ಬದಲಿ ಹಾಕ್ರಿ. ರಿಲೇ ಅನುಮಾನ ಇದ್ರ ಮೈಮ್ಯಾಲ ಅದ ನಂಬರ್ ಇರೋ ಬ್ಯಾರೆ ರಿಲೇ ಹಾಕಿ ನೋಡ್ರಿ. ಹೋಸ್ ತುದಿಗೆ ಸೀಳಿದ್ರ ಒಂದಿಂಚು ಕತ್ತರಿಸಿ, ವಾಪಸ್ ತೂರಿಸಿ, ಕ್ಲಿಪ್ ಬಿಗಿಮಾಡ್ರಿ. ನಡಬಾರಕ ಒಡದಿದ್ರ ಸಿಲಿಕೋನ್ ಟೇಪ್, ಎಳದೆಳದು ಸುತ್ತಬೇಕು, ಸುಮ್ನ ಸುತ್ತಿದ್ರ ನಿಲ್ಲಂಗಿಲ್ಲ. 5 ಲೀಟರ್ ಡಿಸ್ಟಿಲ್ಡ್ ನೀರು, ಒಂದು ಲೀಟರ್ ಕೂಲೆಂಟ್ ಇಟ್ಕೊಳ್ರಿ.

ತುಂಬಿಸಿ ಚಾಲೂ ಮಾಡಿದ ಮ್ಯಾಲ ಕೂಲೆಂಟ್ ಡಬ್ಬಿಯೊಳಗ ಗುಳ್ಳಿ ಏಳಾಕತ್ತಿದ್ರ, ಸೈಲೆನ್ಸರ್‌ನ್ಯಾಗ ಬಿಳೇ ಹೊಗಿ ನಿಲ್ಲಲಾರದಂಗ ಬಂದ್ರ, ಇಲ್ಲಾ ಎಣ್ಣಿ ಮುಚ್ಚಳದ ಒಳಗ ಬೆಣ್ಣಿಯಂಥದ್ದು ಮೆತ್ಕೊಂಡಿದ್ರ, ಹೆಡ್ ಗ್ಯಾಸ್ಕೆಟ್ ಹೋತು. ಇನ್ನ ಓಡಿಸೋ ಮಾತ ಇಲ್ಲ, ಫ್ಲ್ಯಾಟ್‌ಬೆಡ್ ಕರೀರಿ. ಆಯಿಲ್ ಪ್ರೆಶರಿನ ಕೆಂಪು ದೀಪಕ್ಕೂ ಇದ ಮಾತು. ‘ಎಣ್ಣಿ ಹಾಕಿ ನೋಡೂಣು’ ಅನ್ನೋದು ಡಿಪ್‌ಸ್ಟಿಕ್ ಖಾಲಿ ಇದ್ರ ಮಾತ್ರ. ಎಣ್ಣಿ ಮಟ್ಟ ಸರಿ ಇದ್ದೂ ದೀಪ ಆರಲಿಲ್ಲ ಅಂದ್ರ ಎಂಜಿನ್ ತಿರುಗಿಸಲೇಬ್ಯಾಡ್ರಿ.

ಗಾಲಿ ಬೋಲ್ಟ್ ಪ್ರತಿ ಸೆಷನ್ ಆದ ಮ್ಯಾಲ ಟಾರ್ಕ್ ರೆಂಚ್ ಹಚ್ಚಿ ನೋಡ್ರಿ. ಪೋಲೊಗೆ 120 ನ್ಯೂಟನ್ ಮೀಟರ್. ಕಾಲಾಗ ಒದ್ದು ಬಿಗಿ ಮಾಡೋದಲ್ಲ ಮತ್ತ.

ಕ್ಲಚ್‌ವಾಸನೆ
ಪೆಟ್ರೋಲ್ ಬಿಟ್ರಿ ಅಣ್ಣ. ರಸ್ತೆಯಲ್ಲಿ 14 ಕೊಡೋ ಕಾರು ಟ್ರ್ಯಾಕ್‌ನಲ್ಲಿ 5-6ಕ್ಕೆ ಇಳಿಯುತ್ತೆ. ಕಾಲು ಟ್ಯಾಂಕಿಗಿಂತ ಕಮ್ಮಿಯಾದರೆ ಉದ್ದ ತಿರುವಲ್ಲಿ ಪೆಟ್ರೋಲ್ ಒಂದು ಮೂಲೆಗೆ ಹೋಗಿ ಪಂಪ್ ಗಾಳಿ ಎಳೆಯುತ್ತೆ, ಎಂಜಿನ್ ಮುಗ್ಗರಿಸುತ್ತೆ. ಕಾರು ಕೆಟ್ಟಿತು ಅಂತ ರಿಕವರಿ ಕರೆದು, ಕೊನೆಗೆ ಬೇಕಾಗಿದ್ದು ಹತ್ತು ಲೀಟರ್ ಪೆಟ್ರೋಲ್.

ಟ್ರೇಲರ್ ಮಾವ
ಈಗ ಬೆಂಗಳೂರಿಗೆ ಸಾಗಿಸೋ ವಿಷಯ. ನಾಲ್ಕು ಕಾರು ಒಟ್ಟಿಗೆ ಹೋಗ್ತಿದ್ದರೆ ಹೊರಡೋ ಮುಂಚೆಯೇ ಒಬ್ಬ ಫ್ಲ್ಯಾಟ್‌ಬೆಡ್‌ನವನ ಹತ್ತಿರ ದರ ಮಾತಾಡಿ ನಂಬರ್ ಇಟ್ಕೊಳ್ಳಿ. ಭಾನುವಾರ ಸಂಜೆ ಆರಕ್ಕೆ ಪ್ಯಾಡಕ್‌ನಲ್ಲಿ ನಿಂತು ಹುಡುಕೋನಿಗೆ ಸಿಗೋ ದರವೇ ಬೇರೆ.

ದರ ಕೇಳುವಾಗ ಕಿ.ಮೀ.ಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಖಾಲಿ ವಾಪಸ್ ಹೋಗೋದನ್ನೂ ಎಣಿಸ್ತಾರೆ, ಅಂದ್ರೆ 300 ಕಿ.ಮೀ. ದಾರಿಗೆ 600ರ ಲೆಕ್ಕ. ಟೋಲ್, ಕಾಯುವ ಚಾರ್ಜು, ಲೋಡಿಂಗ್ ಒಳಗಾ ಹೊರಗಾ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಮುಖ್ಯವಾಗಿ ಪರ್ಮಿಟ್ ಕೇಳಿ. ತಮಿಳುನಾಡಿನೊಳಗೆ ಮಾತ್ರ ಓಡಾಡೋ ಗಾಡಿಯಾದರೆ ಹೊಸೂರಿನಲ್ಲಿ ನಿಮ್ಮನ್ನ ಇಳಿಸ್ತಾನೆ, ಅಲ್ಲಿಂದ ಬೆಂಗಳೂರಿನ ಗಾಡಿ ಕರೆಸಿ ಮತ್ತೆ ಏರಿಸಬೇಕು. ಎರಡು ಸಲ ಲೋಡಿಂಗ್ ಅಂದ್ರೆ ತಗ್ಗಿಸಿದ ಕಾರಿನ ಬಂಪರ್‌ಗೆ ಎರಡು ಸಲ ಗಂಡಾಂತರ. ಕೆಲವೊಮ್ಮೆ ಬೆಂಗಳೂರಿಂದಲೇ ಗಾಡಿ ಕರೆಸೋದು ಸಲೀಸು, ಕಿ.ಮೀ. ಅಷ್ಟೇ ಬೀಳುತ್ತೆ, ನೇರ ನಿಮ್ಮ ಗ್ಯಾರೇಜಿಗೇ ಬರುತ್ತೆ. ನಗರದೊಳಗೆ ಲಾರಿಗಳಿಗೆ ನಿರ್ಬಂಧದ ಹೊತ್ತು ಇರೋದರಿಂದ ಬೆಳಗಿನ ಜಾವ ತಲುಪೋ ಹಾಗೆ ಹೊರಡಿಸಿ.

ಮುಂದಿನ ಚಕ್ರ ಎತ್ತಿ ಎಳೆಯೋ ಸಣ್ಣ ಕ್ರೇನ್ ನಿಮ್ಮ ಪೋಲೊಗೆ ಹತ್ತಿಪ್ಪತ್ತು ಕಿ.ಮೀ.ಗೆ ಪರವಾಗಿಲ್ಲ, ಡ್ರೈವ್ ಚಕ್ರ ಮುಂದಿನದೇ. ಆದರೆ ಹಿಂದಿನ ಚಕ್ರ ಎತ್ತಿ, ಮುಂದಿನದನ್ನ ಉರುಳಿಸಿ ಎಳೆಯೋಕೆ ಬಿಡಬೇಡಿ. ಡಿಎಸ್‌ಜಿ ಕಾರನ್ನ ನಾಲ್ಕೂ ಚಕ್ರ ಉರುಳಿಸಿ ಎಳೆಯೋದಾದರೆ ಮ್ಯಾನ್ಯುಯಲ್ ಹೇಳೋ ಮಿತಿ ಎನ್‌ನಲ್ಲಿ (ನ್ಯೂಟ್ರಲ್) ಗರಿಷ್ಠ 50 ಕಿ.ಮೀ. ವೇಗ, 50 ಕಿ.ಮೀ. ದೂರ. ಆಲ್ ವೀಲ್ ಡ್ರೈವ್, ಎಲೆಕ್ಟ್ರಿಕ್ ಕಾರುಗಳಿಗೆ ಫ್ಲ್ಯಾಟ್‌ಬೆಡ್ ಬಿಟ್ಟು ಬೇರೆ ಮಾತೇ ಇಲ್ಲ.

ಲೋಡಿಂಗ್ ಮಾಡುವಾಗ ನೀವೇ ಪಕ್ಕದಲ್ಲಿ ನಿಂತಿರಿ. ಸಮತಟ್ಟಾದ ಜಾಗ ನೋಡಿ ಬೆಡ್ ಪೂರ್ತಿ ಹಿಂದಕ್ಕೆ ಇಳಿಸಲಿ. ತಗ್ಗಿಸಿದ ಕಾರಿಗೆ ಬೆಡ್‌ನ ತುದಿಯೇ ಶತ್ರು. ನಾಲ್ಕಡಿ ಉದ್ದ, ಹತ್ತಿಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಎರಡು ನಿಮ್ಮಲ್ಲೇ ಇರಲಿ. ಚಕ್ರದ ಮುಂದೆ ಇಟ್ಟರೆ ಏರು ಎರಡು ಹಂತ ಆಗುತ್ತೆ, ಬಂಪರ್ ತುಟಿ ತಗಲಲ್ಲ. ಕೀ ಆನ್‌ನಲ್ಲಿರಲಿ, ಇಲ್ಲಾಂದ್ರೆ ಸ್ಟೇರಿಂಗ್ ಲಾಕ್ ಆಗಿ ಕಾರು ಸೊಟ್ಟಗೆ ಏರುತ್ತೆ. ವಿಂಚ್‌ನ (ಕಾರನ್ನ ಮೇಲೆಳೆಯೋ ಯಂತ್ರದ) ಹಗ್ಗ ಟೋ ಹುಕ್ಕಿಗೆ ನೇರವಾಗಿ. ಹುಡುಗರು ಅಭ್ಯಾಸಬಲದಿಂದ ಕೆಳಗೆ ಮಲಗಿ ಲೋವರ್ ಆರ್ಮ್‌ಗೋ ಡ್ರೈವ್‌ಶಾಫ್ಟ್‌ಗೋ ಕೊಕ್ಕೆ ಹಾಕೋಕೆ ಹೋಗ್ತಾರೆ, ತಡೀರಿ. ಮೇಲೆ ಹೋದ ಮೇಲೆ ಪಿ (ಪಾರ್ಕ್), ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡೆ. ಬೆಲ್ಟ್ ಟೈರ್ ಸುತ್ತ ಬರಬೇಕು, ಕನಿಷ್ಠ ಮೂರು ಚಕ್ರಕ್ಕೆ. ಚೈನ್ ಹಾಕಿ ಸಸ್ಪೆನ್ಷನ್ ಜಗ್ಗಿ ಕಟ್ಟಿದರೆ ದಾರಿಯುದ್ದಕ್ಕೂ ಕುಲುಕಾಡಿ ಅಲೈನ್‌ಮೆಂಟ್ ಹೋಗುತ್ತೆ. ಹದಿನೈದು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿ ಮಾಡಿಸಿ, ಹೊಸ ಬೆಲ್ಟ್ ಆದರೂ ಸಡಿಲ ಬಿಟ್ಟಿರುತ್ತೆ.

ಏರಿಸೋ ಮುಂಚೆ ನಾಲ್ಕೂ ಕಡೆ, ಓಡೋಮೀಟರ್, ಡಿಕ್ಕಿಯ ಫೋಟೊ ತೆಗೀರಿ. ಚಾಲಕ ಸಹಿ ಹಾಕಿದ ಚೀಟಿಯ ಫೋಟೊ ಕೂಡ.

ಕೆಂಪುಪೋಲೊ
ಬ್ಯಾಟರಿ ಪೂರ್ತಿ ಸತ್ತಿದ್ದರೆ ಲಿವರ್ ಪಿ ಬಿಟ್ಟು ಬರಲ್ಲವಲ್ಲ, ಆಗ ವಿಂಚ್ ಹೇಗೆ?

ಟ್ರೇಲರ್ ಮಾವ
ಲಿವರ್ ಸುತ್ತ ಇರೋ ಲೆದರ್ ಬೂಟನ್ನ ಚೌಕಟ್ಟಿನ ಸಮೇತ ಮೆಲ್ಲಗೆ ಮೇಲೆತ್ತಿ. ಒಳಗೆ ಹಳದಿ ಪ್ಲಾಸ್ಟಿಕ್ ತುಂಡು ಕಾಣುತ್ತೆ. ಅದನ್ನ ಸ್ಕ್ರೂಡ್ರೈವರ್‌ನಿಂದ ಒತ್ತಿ ಹಿಡಿದು, ಲಿವರ್ ಬಟನ್ ಒತ್ತಿ ಎನ್‌ಗೆ ತನ್ನಿ. ಮೊದಲು ಹ್ಯಾಂಡ್‌ಬ್ರೇಕ್ ಹಾಕಿಕೊಳ್ಳಿ, ಪಿ ಬಿಟ್ಟ ಕ್ಷಣ ಕಾರು ಉರುಳುತ್ತೆ. ಮನೆಯಲ್ಲಿ ಒಂದು ಸಲ ಮಾಡಿ ನೋಡಿಕೊಂಡೇ ಹೋಗಿ, ಕತ್ತಲಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕಲಿಯೋ ವಿದ್ಯೆ ಅಲ್ಲ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರೋ ಕಾರಾದರೆ ಜಂಪ್ ಸ್ಟಾರ್ಟರ್ ಇಲ್ಲದೆ ಬ್ರೇಕ್ ಬಿಡಲ್ಲ, ಅದನ್ನ ಮರೀಬೇಡಿ.

ಕರಾವಳಿ ಡೀಸೆಲ್
ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೆ ಹೋಗುವವರಿಗೂ ಇದೇ ಲೆಕ್ಕವಾ ಮಾರಾಯ್ರೆ? ಹಗ್ಗ ಕಟ್ಟಿ ಸ್ನೇಹಿತನ ಗಾಡಿಯಲ್ಲಿ ಎಳಕೊಂಡು ಬಂದರೆ ಆಗುದಿಲ್ವಾ?

ಪೋಸ್ಟ್7
ಪ್ಯಾಡಕ್‌ನಿಂದ ಪಕ್ಕದ ಗ್ಯಾರೇಜಿಗೆ ಆದೀತು. ನಿಯಮದ ಪ್ರಕಾರ ಎರಡು ಗಾಡಿಯ ನಡುವೆ 5 ಮೀಟರ್ ಮೀರಬಾರದು, ವೇಗ 25 ಕಿ.ಮೀ. ದಾಟಬಾರದು, ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು. ಎಂಜಿನ್ ಆಫ್ ಇದ್ದರೆ ಬ್ರೇಕ್ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ, ಆಮೇಲೆ ಪೆಡಲ್ ಕಲ್ಲು, ಸ್ಟೇರಿಂಗೂ ಭಾರ. ಆ ಸ್ಥಿತಿಯಲ್ಲಿ ಸೇಲಂ ದಾಟಿ ತೊಪ್ಪೂರು ಘಾಟಿ ಏರೋ ಯೋಚನೆ ಬಿಡಿ. ಬಿಸಿಯಾಗ್ತಿರೋ ಎಂಜಿನ್, ಜಾರ್ತಿರೋ ಕ್ಲಚ್ ಇಟ್ಕೊಂಡು ಸ್ವಂತ ಶಕ್ತಿಯಲ್ಲಿ ಬರೋರೂ ಅಷ್ಟೇ, ಲಾರಿಗಳ ನಡುವೆ ಆ ಏರಿನಲ್ಲಿ ಸಿಕ್ಕಿಹಾಕೋಬೇಡಿ.

ಹೈವೇಯಲ್ಲೇ ನಿಂತರೆ 1033. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ, 24 ಗಂಟೆಯೂ ಇರುತ್ತೆ. ಹೆದ್ದಾರಿ ನಂಬರ್, ಹತ್ತಿರದ ಕಿ.ಮೀ. ಕಲ್ಲು, ಯಾವ ಊರಿನ ಕಡೆಗೆ ಮುಖ, ಇಷ್ಟು ಹೇಳಿ. ಅವರ ಕ್ರೇನ್ ರಸ್ತೆಯಿಂದ ಪಕ್ಕಕ್ಕೆ, ಸುರಕ್ಷಿತ ಜಾಗಕ್ಕೆ ತಂದಿಡುತ್ತೆ, ಊರಿಗೆ ತಲುಪಿಸೋದು ಅವರ ಕೆಲಸ ಅಲ್ಲ. ಅಲ್ಲಿಯವರೆಗೆ ನೀವು ಕಾರೊಳಗೆ ಕೂರದೆ ಕಂಬಿಯಾಚೆ ನಿಂತಿರಿ.

ಸ್ಟುಟ್‌ಗಾರ್ಟ್‌ನಿಂದ
ಇಲ್ಲಿ ಜರ್ಮನಿಗೆ ಬಂದು ಬಾಡಿಗೆ ಕಾರಲ್ಲಿ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಹೋಗೋಣ ಅನ್ನೋ ಹುಡುಗರಿಗೆ ಒಂದು ಮಾತು. ಅದರ 20.8 ಕಿ.ಮೀ. ಉದ್ದದ ಸುತ್ತು ನಾರ್ಡ್‌ಶ್ಲೈಫೆ ಪ್ರವಾಸಿ ಸೆಷನ್ ಹೊತ್ತಲ್ಲಿ ಕಾಗದದ ಮೇಲೆ ಟೋಲ್ ರಸ್ತೆ, ಸಾಮಾನ್ಯ ಸಂಚಾರ ನಿಯಮವೇ ಅನ್ವಯ. ಅಂದ ಮಾತ್ರಕ್ಕೆ ಬಾಡಿಗೆ ಕಂಪನಿ ಒಪ್ಪಲ್ಲ, ಒಪ್ಪಂದದಲ್ಲೇ ನಿಷೇಧ ಬರೆದಿರೋದು ಮಾಮೂಲು. ನಿಂತುಹೋದರೆ ಬಲಕ್ಕೆ ಸರಿಸಿ, ಗಾರ್ಡ್‌ರೇಲ್ ದಾಟಿ ಹಿಂದೆ ನಿಂತು ಟ್ರ್ಯಾಕ್‌ನ ತುರ್ತು ನಂಬರಿಗೆ ಫೋನ್ ಮಾಡಬೇಕು. ಎತ್ತಿದ ಗಾಡಿಗೆ ಬಿಲ್, ಗುದ್ದಿದ ಗಾರ್ಡ್‌ರೇಲ್‌ಗೆ ಬೇರೆ ಬಿಲ್.

ಪಾಲಿಸಿ_ಸಣ್ಣಕ್ಷರ
ಕೊನೆಗೆ ಭಾನುವಾರದ ಮಾತು. ವಾಪಸ್ ದಾರಿಯಲ್ಲಿ ಆರ್‌ಎಸ್‌ಎ ಸಿಕ್ಕರೂ ಅವರು ಬಿಡೋದು ಹತ್ತಿರದ ಅಧಿಕೃತ ವರ್ಕ್‌ಶಾಪ್‌ಗೆ, ನಿಮ್ಮ ಗ್ಯಾರೇಜಿಗಲ್ಲ. ಉಚಿತ ಕಿ.ಮೀ. ಮಿತಿ, ವರ್ಷಕ್ಕೆ ಎಷ್ಟು ಸಲ ಅನ್ನೋದು ಪಾಲಿಸಿಯಲ್ಲೇ ಇರುತ್ತೆ, ಮೀರಿದ್ದಕ್ಕೆ ಅಲ್ಲೇ ದುಡ್ಡು. ಭಾನುವಾರ ರಾತ್ರಿ ವರ್ಕ್‌ಶಾಪ್‌ನಲ್ಲಿ ಇರೋದು ವಾಚ್‌ಮನ್ ಒಬ್ಬನೇ. ಹೆಲ್ಮೆಟ್, ಟೂಲ್, ಕ್ಯಾಮೆರಾ ಎಲ್ಲಾ ಇಳಿಸಿಕೊಳ್ಳಿ, ಕೀ ಕೊಟ್ಟಿದ್ದಕ್ಕೆ ಬರಹ ತಗೊಳ್ಳಿ. ಸೋಮವಾರ ಜಾಬ್ ಕಾರ್ಡ್ ತೆರೆಯುವಾಗ ‘ಅಂದಾಜು ಒಪ್ಪುವವರೆಗೆ ಬಿಚ್ಚಬೇಡಿ’ ಅಂತ ಬರೆಸಿ. ಒಮ್ಮೆ ಬಿಚ್ಚಿದರೆ ಗಾಡಿ ವಾಪಸ್ ತಗೊಳ್ಳೋಕೂ ಲೇಬರ್ ಕಟ್ಟಬೇಕು.

ಟ್ರೇಲರ್ ಮಾವ
ಇನ್ನೊಂದು, ಯಾರೂ ಹೇಳಲ್ಲ. ಫ್ಲ್ಯಾಟ್‌ಬೆಡ್ ಮೇಲೆ ಮುಂದಕ್ಕೆ ಮುಖ ಮಾಡಿ ಕೂತ ನಿಮ್ಮ ಕಾರಿನ ಗಾಜಲ್ಲೂ ಫಾಸ್ಟ್ಯಾಗ್ ಇರುತ್ತೆ. ಟೋಲ್‌ನ ರೀಡರ್ ಲಾರಿಯದ್ದರ ಜತೆ ಅದನ್ನೂ ಓದಿಬಿಡಬಹುದು, ಆಗ ಒಂದೇ ಗೇಟಿಗೆ ಎರಡು ಕಡಿತ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನಾಲ್ಕು ಮಡಿಕೆ ಮಾಡಿ ಗಾಜಿನ ಹೊರಗಿಂದ ಟ್ಯಾಗ್ ಮೇಲೆ ಮಾಸ್ಕಿಂಗ್ ಟೇಪಲ್ಲಿ ಅಂಟಿಸಿ. ಇಳಿಸಿದ ಮೇಲೆ ತೆಗೆಯೋದು ಮರೀಬೇಡಿ.

ಹುಬ್ಬಳ್ಳಿ ಸ್ಪ್ಯಾನರ್
ಮಾಸ್ಕಿಂಗ್ ಟೇಪ್ ಹೆಂಗೂ ಬಾಗಲಾ ನಂಬರಿಗೆ ತಂದಿರ್ತೀರಿ. ಅದ ಸಾಕು.